ಒಡೆಯರ ಕಾಲು ನೋಯುವುದಿಲ್ಲ

ಅರಮನೆ, ಬೊಫೊಕ್ರೊಮ್
೧೪ ಆಗಸ್ಟ್ ೧೯೮೭

ಪ್ರಿಯ ಆಂಟ್ವಿ,

ನೀನೂ ಮನೆಯವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾದುದಕ್ಕೆ ಎಷ್ಟು ಬೇಕಾದರೂ ಬೈದುಕೋ. ಈಗೀಗ ನನ್ನ ಪತ್ರಗಳನ್ನೂ ಬೇರೆಯವರೇ ಬರೆಯುತ್ತಾರೆ, ನಾನು ರುಜು ಹಾಕುವವನು ಮಾತ್ರ. ಇದೊಂದನ್ನು ಸ್ನಾನದ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಭೂಗೋಳದ ಮೇಷ್ಟರಾಗಿದ್ದ ನನ್ನನ್ನು ಎಳೆತಂದು ಅರಸನ ಪೀಠದ ಮೇಲೆ ಕೂರಿಸಿದಂದಿನಿಂದ ಒಬ್ಬನೇ ಬಿಡುವುದು ಇಲ್ಲಿ ಮಾತ್ರ.

ನಿನ್ನ ಕಾಟ ತಾಳಲಾರದೆ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿದ್ದೆ. ಹಿರಿಯರ ದಂಡು, ಕೊಡೆ ಹಿಡಿಯುವವನು, ನನ್ನ ಪರವಾಗಿ ಮಾತಾಡುವ ಮುದುಕ ಅಂಪೋಫೊ, ಎಲ್ಲರೂ ಆ ಪುಟ್ಟ ಕೋಣೆಯಲ್ಲಿ. ಡಾಕ್ಟರ್ ಸೆಲಾಸಿ ದೂರದ ವೋಲ್ಟಾ ಪ್ರಾಂತ್ಯದ ಹುಡುಗಿ, ನಮ್ಮ ರೀತಿ ತಿಳಿಯದು. ನನ್ನನ್ನೇ ನೋಡಿ, "ಏನ್ ತೊಂದ್ರೆ ಅಜ್ಜಾ?" ಎಂದುಬಿಟ್ಟಳು.

ಅಂಪೋಫೊ ಕೋಲು ಕುಟ್ಟಿದ. "ತಾಯಿ, ಒಡೆಯರು ನೇರ ಮಾತಾಡಲ್ಲ. ನನ್ನನ್ನ ಕೇಳಿ. ಅವ್ರಿಗೆ ಕಾಯಿಲೆ ಇಲ್ಲ, ಒಂಚೂರು ದಣಿದಿದಾರೆ ಅಷ್ಟೇ."

"ರಾತ್ರಿ ಎಷ್ಟ್ ಸಲ ಏಳ್ತಾರೆ?"

"ಊರಿನ ಚಿಂತೆ ಹೊತ್ತೋರಿಗೆ ನಿದ್ದೆ ಎಲ್ಲಿ ಬರ್ಬೇಕು?"

"ಅಯ್ಯೋ, ಮೂತ್ರಕ್ಕೆ ಏಳ್ತಾರಾ ಅಂತ ಕೇಳ್ದೆ! ಕಾಲು ಜೋಮು ಹಿಡಿಯುತ್ತಾ? ಉರಿಯುತ್ತಾ?"

"ಒಡೆಯರ ಕಾಲು ನೋಯಲ್ಲ ತಾಯಿ. ಸಿಂಹದ ಕಾಲು ನೋಯುತ್ತಾ?"

"ಹಾಗಾದ್ರೆ ಚಪ್ಪಲಿ ಬಿಚ್ಚಿಸಿ, ನಾನೇ ನೋಡ್ತೀನಿ."

ಇಡೀ ಕೋಣೆ ಹೌಹಾರಿತು. ನಿನಗೆ ಗೊತ್ತಲ್ಲ, ಜನರೆದುರು ಅರಸನ ಕಾಲಿನಿಂದ ಚಪ್ಪಲಿ ಕಳಚಿತೆಂದರೆ ಪೀಠದಿಂದ ಇಳಿಸಿದಂತೆ. ಮೈಯಲ್ಲಿ ಊನವಿದ್ದವನಿಗೂ ಪೀಠವಿಲ್ಲ. ಅಂಪೋಫೊ ಪಾಪ, ನನ್ನನ್ನು ಉಳಿಸಲೆಂದೇ ಅವಳಿಗೆ ಅಡ್ಡ ನಿಂತ.

ಹೊರಡುವಾಗ ಅವಳು ಮೆಲ್ಲಗೆ, "ನೀವೇ ಒಂದ್ ಮಾತು ಹೇಳಿ" ಅಂದಳು. ನಾನು ಕೊಡೆಯ ಕೆಳಗೆ ನಡೆದುಬಿಟ್ಟೆ. ಇಷ್ಟು ಜನರ ನಡುವೆ ಇಷ್ಟೊಂದು ಒಂಟಿಯಾಗುತ್ತೇನೆಂದು ನಾನು ಎಣಿಸಿರಲಿಲ್ಲ, ಆಂಟ್ವಿ. ಊಟಕ್ಕೆ ಕೂತರೂ ವಿಷವಿದೆಯೇ ಎಂದು ನೋಡಲು ಮೊದಲ ತುತ್ತು ಬೇರೆಯವರದೇ. ಹಳೆಯ ಹೆಸರಿನಿಂದ ಕರೆಯುವವನು ನೀನೊಬ್ಬನೇ ಉಳಿದಿದ್ದೀಯ.

ನಿನ್ನ ಮೊಮ್ಮಗಳು ಅಫ್ರಿಯಾಳಿಗೆ ನನ್ನ ಆಶೀರ್ವಾದ. ಅವಳ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಮನೆಯಲ್ಲಿ ನಗು ತುಂಬಿರಲಿ.

ನಿನ್ನ
ಕ್ವಾಬೆನಾ

ಮತ್ತೆ: ಬಲಗಾಲಿನ ಅಡಿಯಲ್ಲಿ ಹುಣ್ಣಾಗಿದೆ. ವಾಸನೆ ಬಂದ ಮೇಲೆಯೇ ನನಗೆ ತಿಳಿದದ್ದು. ಸೂಜಿಯಿಂದ ಚುಚ್ಚಿ ನೋಡಿದೆ, ಏನೂ ಅನ್ನಿಸಲಿಲ್ಲ. ನೋಯುವುದಿಲ್ಲ ಎಂದು ಅಂಪೋಫೊ ಹೇಳಿದ್ದು ಸುಳ್ಳಲ್ಲ. ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವನು ನೀನು, ಇದರ ಅರ್ಥ ನಿನಗೆ ಗೊತ್ತು. ನನಗೆ ಹೆದರಿಕೆಯಾಗಿದೆ ಕಣೋ. ಬೇಗ ಬಾ. ಪೀಠ ಹೋದರೆ ಹೋಗಲಿ, ನಿನ್ನೆದುರು ಚಪ್ಪಲಿ ಬಿಚ್ಚುತ್ತೇನೆ. ಹುಣ್ಣು ನೋಡಿ ಕಾಲು ಉಳಿಯುತ್ತದೋ ಇಲ್ಲವೋ ನನಗೇ ಹೇಳು, ಅಂಪೋಫೊನಿಗೆ ಬೇಡ.