ಬಸ್ ಸ್ಟಾಪಿನ ಫ್ಲೆಕ್ಸ್ ಬಿಚ್ಚಿಸಿ

ಸಮೇತನಹಳ್ಳಿ
ಭಾನುವಾರ

ವೇಣುಗೋಪಾಲಣ್ಣನವರಿಗೆ ಸಿಂಚನಳ ನಮಸ್ಕಾರ.

ಪಿಎಚ್‌ಡಿ ಮುಗಿಸಿದ ಮೇಲೆ ಆರ್ಕ್ಟಿಕ್ ಹಿಮದ ಸಂಶೋಧನೆಗೆಂದು ನಾರ್ವೆಗೆ ಅರ್ಜಿ ಹಾಕಿದ್ದೆ, ಅಷ್ಟೇ. ನೀವು ‘ಉತ್ತರ ಧ್ರುವಕ್ಕೆ ಹೊರಟ ನಮ್ಮೂರ ಹೆಮ್ಮೆಯ ಪುತ್ರಿ’ ಎಂದು ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿಬಿಟ್ಟಿರಿ. ಅದರಲ್ಲಿ ನಿಮ್ಮ ಮುಖ ಬಾಗಿಲಿನಷ್ಟಿದೆ, ನನ್ನದು ಅಂಗೈಯಷ್ಟು. ಪಂಚಾಯ್ತಿ ಚುನಾವಣೆಗೆ ನಿಲ್ಲುವವರು ನೀವು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ನಾನು ಆಯ್ಕೆಯಾಗಿಲ್ಲವೆಂದು ಮೊನ್ನೆ ನಾರ್ವೆಯವರು ತಿಳಿಸಿದರು. ಹಾಲಿನ ಡೈರಿಯಲ್ಲಿ ಎಲ್ಲರೂ ಅಮ್ಮನನ್ನು, “ಏನಮ್ಮಾ, ಮಗಳು ಇನ್ನೂ ಹೋಗ್ಲಿಲ್ವಾ?” ಎಂದು ಕೇಳುತ್ತಾರೆ. ಅಮ್ಮ ಹಾಲು ಹಾಕಲು ಹೋಗುವುದನ್ನೇ ಬಿಟ್ಟಿದ್ದಾಳೆ.

ನಾನು ಮತ್ತೆ ಅರ್ಜಿ ಹಾಕುತ್ತೇನೆ. ನಿಮಗೆ ಮಾತ್ರ ಹೇಳುವುದಿಲ್ಲ.

ನಾಳೆಯೇ ಫ್ಲೆಕ್ಸ್ ಬಿಚ್ಚಿಸಿ ನಮ್ಮ ಮನೆಗೆ ಕಳಿಸಿ. ಕೊಟ್ಟಿಗೆ ಸೋರುತ್ತಿದೆ. ನಿಮ್ಮ ಮುಖ ಒಳಗಡೆ ಬರುವಂತೆ ಹೊದಿಸುತ್ತೇವೆ, ಹಸುಗಳಾದರೂ ನೋಡಿಕೊಂಡಿರಲಿ.

ಇಂತಿ,
ಇನ್ನೂ ಊರಲ್ಲೇ ಇರುವ
ಸಿಂಚನ