ಉಕ್ಕಿನವರ ಮೇಲೆ ಹಾಯಿ ಬಿದ್ದದ್ದು

ಗುರುವಾರ, ಸಂಜೆ

ಪ್ರೀತಿಯ ಜೋಡಿಗೆ,

ಈ ಯುದ್ಧದ ಕಥೆಯನ್ನು ಮೊದಲು ಹೇಳಿದವರು ನಮ್ಮ ಬಾಯ್ಲರ್ ಮಾವ. ಹೇಳಿದ್ದು ನಿನ್ನೆ, ಊಟವಾದ ಮೇಲೆ ಕರೆಂಟು ಹೋಗಿ ಲಾಂಡ್ರಿಯ ಯಂತ್ರಗಳೆಲ್ಲ ನಿಂತಿದ್ದಾಗ. ನೀನು ಫೋನು ಎತ್ತುವುದಿಲ್ಲ. ನಿಮ್ಮಕ್ಕ ಎತ್ತಿ, ಅವಳು ಮಲಗಿದಾಳೆ ಅನ್ನುತ್ತಾರೆ. ಹಗಲು ಹೊತ್ತಿನಲ್ಲಿ ನೀನು ಮಲಗಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಕಾಗದ.

ಇಸ್ತ್ರಿ ರೋಲರಿಗೆ ಸಿಕ್ಕಿದ್ದ ಬಲಗೈ ವಾಸಿಯಾಯಿತು, ಆದರೆ ಕೊನೆಯ ಎರಡು ಬೆರಳು ಬಾಗುವುದಿಲ್ಲ, ಇನ್ನು ಚಾದರ ಮಡಚುವುದು ನನ್ನ ಕೈಲಾಗದು ಎಂದು ನೀನು ಹೇಳಿ ಕಳಿಸಿದ್ದು ನಮಗೆಲ್ಲ ಮುಟ್ಟಿದೆ. ಸೂಪರ್‌ವೈಸರ್ ಮೇಡಂ ಸೋಮವಾರದವರೆಗೆ ಕಾಯುತ್ತಾರಂತೆ. ಬಂದರೆ ನಿನ್ನ ಮೇಜು ನಿನಗೆ, ಬರದಿದ್ದರೆ ಬೇರೆಯವರಿಗೆ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ನಾನು ಬರೆಯಲು ಕೂತಿದ್ದು ಯುದ್ಧದ ಬಗ್ಗೆ.

ನೀನು ಹೋದಮೇಲೆ ಇಲ್ಲಿ ಜಗಳಕ್ಕೆ ಉಪ್ಪು ಖಾರವಿಲ್ಲ. ಟೀವಿ ಧಾರಾವಾಹಿಯ ಉಕ್ಕಿನವರು ಹೆಚ್ಚೋ, ನಿನ್ನ ಪುಸ್ತಕಗಳ ಹಾಯಿಯವರು ಹೆಚ್ಚೋ? ಒಗೆಯುವ ಕಡೆಯವರೆಲ್ಲ ಉಕ್ಕಿನ ಪಕ್ಷ, ಮಡಚುವ ಕಡೆಯವರೆಲ್ಲ ಹಾಯಿಯ ಪಕ್ಷ, ನಿನ್ನ ಎದುರಿಗೇ ನಿಂತು ಮಡಚುತ್ತಿದ್ದ ನಾನೊಬ್ಬಳು ಪಕ್ಷದ್ರೋಹಿ. ನಮ್ಮ ಉಕ್ಕಿನವರು ಎರಕದಲ್ಲಿ ಹುಟ್ಟುವವರು. ಊಟ ಬೇಡ, ನಿದ್ದೆ ಬೇಡ, ಒಬ್ಬ ಸತ್ತರೆ ಅವನಿಗೆ ಗೊತ್ತಿದ್ದದ್ದೆಲ್ಲ ಉಳಿದವರಿಗೆ ಬರುತ್ತದೆ. ನಿನ್ನವರೋ ಬಿಸಿಲನ್ನು ಹಾಯಿಯಲ್ಲಿ ಹಿಡಿದು ನಕ್ಷತ್ರದಿಂದ ನಕ್ಷತ್ರಕ್ಕೆ ತೇಲುವವರು, ಅಜ್ಜ ಯುದ್ಧಕ್ಕೆ ಹೊರಟರೆ ಹೋಗಿ ಮುಟ್ಟುವುದು ಮೊಮ್ಮಗಳು. ನಿಮ್ಮೋರು ಬರೋ ಹೊತ್ತಿಗೆ ನಮ್ಮೋರು ಗೆದ್ದು, ತುಕ್ಕು ಹಿಡಿದು, ಮತ್ತೆ ಬಣ್ಣ ಹೊಡ್ಕೊಂಡಿರ್ತಾರೆ ಅಂತ ಒಗೆಯುವ ಕಡೆಯ ಸುನಾಮಿ ಆಡಿಕೊಂಡಿದ್ದ. ಅವಸರ ಇರೋದು ಸೋಲೋರಿಗೆ ಕಣೋ ಅಂತ ನೀನು ತಲೆಯನ್ನೂ ಎತ್ತದೆ ಅಂದಿದ್ದೆ. ಅದೇ ಸುನಾಮಿ, ಹೋದಲ್ಲೆಲ್ಲ ನೀರು ಚೆಲ್ಲುವ ಆ ಪುಣ್ಯಾತ್ಮ, ಈಗ ದಿನಾ ತಾನೊಬ್ಬನೇ ಗೆಲ್ಲುತ್ತಾನೆ. ನಿನ್ನೆಯಂತೂ ಬಕೆಟ್ಟು ಬೋರಲು ಹಾಕಿ ಕೂತು, ಎದುರು ಮಾತಾಡೋರೇ ಇಲ್ದೆ ಗೆದ್ದು ಏನು ಮಾಡ್ಲಿ ಅಂತ ಗೋಳಾಡಿದ.

ಆಗ ಬಾಯ್ಲರ್ ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಹಂಗಾದ್ರೆ ಯುದ್ಧ ಮಾಡಿಸೇ ಬಿಡೋಣ ಅಂದರು. ಮಾವ ಆ ಧಾರಾವಾಹಿ ನೋಡಿದವರಲ್ಲ, ಪುಸ್ತಕ ಮುಟ್ಟಿದವರೂ ಅಲ್ಲ. ನಮ್ಮ ಬಾಯಿಂದ ಕೇಳಿದ್ದಷ್ಟೇ. ನೀವು ಮುಗಿಸಿದ್ರಿ ಅಂದ್ರೆ ನಾನು ಶುರು ಮಾಡ್ತೀನಿ, ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ಅವರ ಪಕ್ಷ ಸೋಲತ್ತೆ ಎಂದು ಮೊದಲೇ ಕರಾರು ಹಾಕಿದರು.

ಯಾರದೂ ಅಲ್ಲದ ಒಂದು ಲೋಕ ಎಂದು ಮಾವ ಶುರು ಮಾಡಿದರು. ಅಲ್ಲಿ ಉಕ್ಕಿನವರು ಮೊದಲು ಬಂದು ಸಾಲಾಗಿ ನಿಂತರು. ಎಂಥ ಸಾಲು ಅಂತೀಯ! ಈ ತುದಿಯವನ ಮೇಲೆ ನಡುಹಗಲಾದರೆ ಆ ತುದಿಯವನ ಮೇಲೆ ಮುಳುಗುವ ಸೂರ್ಯ. ಒಬ್ಬ ಹೆಜ್ಜೆ ಎತ್ತಿದರೆ ಎಲ್ಲರದೂ ಎತ್ತುತ್ತದೆ, ಇಟ್ಟರೆ ಬೆಟ್ಟದ ಕಲ್ಲು ಉರುಳುತ್ತದೆ. ಸುನಾಮಿ ಎದೆ ಉಬ್ಬಿಸಿಕೊಂಡ. ವೈರಿ ಎಲ್ಲಿ ಎಂದು ಅವರು ಮೇಲೆ ನೋಡಿದರೆ ಬರೀ ಆಕಾಶ, ಆ ಲೋಕದಲ್ಲಿ ಹಗಲಿಗೂ ನಕ್ಷತ್ರ. ಸ್ವಲ್ಪ ಹೊತ್ತಿಗೆ ಒಂದು ಮೂಲೆಯ ನಕ್ಷತ್ರಗಳು ಕಾಣಿಸಲಿಲ್ಲ. ಆಮೇಲೆ ಪಕ್ಕದವು. ಯಾರೋ ಒರೆಸುತ್ತ ಬಂದ ಹಾಗೆ. ಕೊನೆಗೆ ಸೂರ್ಯನ ಮೇಲೂ ಅದೇ ಪರದೆ ಬಂತು. ಒಂದೇ ಹಾಯಿ, ಒಂದು ದೇಶದಷ್ಟು ಅಗಲ, ಈರುಳ್ಳಿ ಸಿಪ್ಪೆಗಿಂತ ತೆಳು. ಅದರ ಹಿಂದೆ ಬಿಸಿಲು ಹಾಲಿನಂತೆ ನಿಂತಿತ್ತು. ಹುಟ್ಟಿದಂದಿನಿಂದ ಯಾವುದಕ್ಕೂ ಕತ್ತೆತ್ತದ ಉಕ್ಕಿನವರು ಅಷ್ಟೂ ಜನ ಕತ್ತೆತ್ತಿದರಂತೆ.

ನಾನು ಸುತ್ತ ನೋಡಿದೆ. ನಮ್ಮವರೆಲ್ಲರ ಮುಖ ಮೇಲಕ್ಕಿತ್ತು. ಮೇಲೆ ಇದ್ದದ್ದು ತಗಡಿನ ಸೂರು, ಹಬೆ ಹಿಡಿದ ಪೈಪು. ಆದರೂ ಅಲ್ಲೇನೋ ಬರುತ್ತಿದೆ ಎಂದು ನನಗೂ ಅನ್ನಿಸಿತು ಕಣೇ.

ಉಕ್ಕಿನವರು ಹೊಡೆದರು. ಕಟ್ಟಿದ್ದ ಹಗ್ಗ ಹರಿದು ಹಾಯಿ ಕಳಚಿತು. ಗೆದ್ವಿ ಅನ್ನಲು ಸುನಾಮಿ ಬಾಯಿ ತೆರೆದವನು ಕರಾರು ನೆನೆದು ಮುಚ್ಚಿಕೊಂಡ. ಅಷ್ಟು ಹಗುರವಾದದ್ದು ದಡಕ್ಕನೆ ಬೀಳುತ್ತದೆಯೇ? ಇಡೀ ದಿನ ಇಳಿಯಿತು. ಓಡಲು ಎಲ್ಲರಿಗೂ ಸಮಯವಿತ್ತು, ಓಡುವ ಜಾಗ ಯಾರಿಗೂ ಇರಲಿಲ್ಲ. ಹಾಯಿಯ ಜೊತೆಗೇ ಹಾಯಿಯವರೂ ನೆಲಕ್ಕಿಳಿದರು, ಎರಡು ಸೈನ್ಯದ ಮೇಲೂ ಅದೇ ಮುಸುಕು ಬಿತ್ತು. ಒಳಗೆ ಎಲ್ಲಿ ನೋಡಿದರೂ ಬಿಳುಪು, ಯಾರು ಯಾರೆಂದು ತಿಳಿಯದು. ಇವರು ಎಳೆದರೆ ಅವರಿಗೆ ಬಿಗಿಯುತ್ತದೆ, ಅವರು ಎಳೆದರೆ ಇವರಿಗೆ.

ಹಾಯಿಯವರಲ್ಲಿ ಹಾಯಿ ಮಡಚುವ ಹೆಂಗಸರು ಇರಲೇಬೇಕಲ್ಲ ಅಂದರು ಮಾವ. ಅಂಥವಳೊಬ್ಬಳು ತೆವಳಿಕೊಂಡು ಹೋಗಿ ಅಂಚು ಹುಡುಕಿ, ಒಂದು ಮೂಲೆ ಹಿಡಿದು ಎದ್ದು ನಿಂತಳು. ಅವಳ ಬಲಗೈಗೆ ಮೂರೇ ಬೆರಳು. ನಿನ್ನ ಪುಸ್ತಕದಲ್ಲಿ ಹಾಗಿಲ್ಲ ಎಂದು ನೀನು ಈಗ ಗೊಣಗುತ್ತೀಯ, ನನಗೆ ಗೊತ್ತು. ಎದುರು ಮೂಲೆ ಸಿಕ್ಕಿದ್ದು ಒಬ್ಬ ಉಕ್ಕಿನವನಿಗೆ. ಆಯುಧ ಬಿಟ್ಟು ಬೇರೇನನ್ನೂ ಹಿಡಿದ ಕೈಯಲ್ಲ ಅದು. ಅವಳು ಬಟ್ಟೆ ಕೊಡವಿದಳು. ಆ ಅಲೆ ದೇಶವೆಲ್ಲ ದಾಟಿ ಅವನ ಕೈಗೆ ಬಂದು ತಟ್ಟಿತು. ಅವನು ತಿರುಗಿ ಕೊಡವಿದ.

ಮಾವ ಅಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು ನೋಡು, ಕೆಲಸ ಕೆಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಯಾರು ಗೆದ್ದರು ಎಂದು ಕೇಳುತ್ತಿದ್ದರು. ನಮ್ಮವರು ಕೇಳಿದ್ದು ಬೇರೆ. ಮೂರು ಬೆರಳಲ್ಲಿ ಮೂಲೆ ಹಿಡೀಬಹುದು ಮಾವ, ಅಂಚು ಜಾರತ್ತಲ್ಲ? ಮಣಿಕಟ್ಟಿಗೆ ಸುತ್ಕೋಬೇಕು ಅಂದಳು ಇನ್ನೊಬ್ಬಳು. ಸುತ್ಕೊಂಡ್ರೆ ಎದುರಿನೋರಿಗೆ ಹೆಂಗೆ ಕೊಡ್ತಾಳೆ, ನಿನ್ನ ತಲೆ. ಕರಾರು ಗಾಳಿಗೆ ಹೋಯಿತು, ಎಲ್ಲರೂ ಬರಿಗೈಯಲ್ಲೇ ಹಿಡಿದು ತೋರಿಸತೊಡಗಿದರು. ನನ್ನ ಕೇಳಿದ್ರೆ? ನಾನು ಬೆಂಕಿ ಕಾಯೋನು, ಮಡಚೋರು ನೀವು ಅಂದರು ಮಾವ. ಕರೆಂಟು ಬಂತು. ಅವರು ಎದ್ದು ಬಾಯ್ಲರಿನ ಕಡೆ ಹೋದರು.

ಇವತ್ತು ಬೆಳಗ್ಗೆ ನಾನು ಬರುವಷ್ಟರಲ್ಲಿ ಎಲ್ಲರೂ ಬಂದಿದ್ದರು. ಬಲಗೈಯ ಕೊನೆಯ ಎರಡು ಬೆರಳನ್ನು ಅಂಗೈಗೆ ಮಡಚಿ, ಹರಿದ ದಿಂಬಿನ ಚೀಲದ ಪಟ್ಟಿಯಿಂದ ಕಟ್ಟಿಕೊಂಡು, ಆಸ್ಪತ್ರೆಯ ಚಾದರ ಮಡಚುತ್ತಿದ್ದರು. ಸುನಾಮಿ ಹಿಡಿದದ್ದೆಲ್ಲ ನೆಲಕ್ಕೆ. ಹಾಯಿ ಹೊತ್ಕೊಂಡು ಬಂದ್ಯೋ, ನೆಲ ಒರೆಸೋಕೆ ಬಂದ್ಯೋ ಅಂತ ಎಲ್ಲರೂ ನಕ್ಕರು. ನಾನೂ ಕಟ್ಟಿಕೊಂಡೆ. ಅಷ್ಟರಲ್ಲಿ ಮೇಡಂ ಬಂದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆವು. ಅವರು ನಮ್ಮ ಕೈಗಳನ್ನು ನೋಡುತ್ತ ಒಂದು ಸುತ್ತು ಬಂದು, ಅವಳ ಬೆರಳು ಒಳಗೆ ಮಡಚಿಲ್ಲ, ನೆಟ್ಟಗೆ ನಿಂತಿದೆ, ಕಟ್ಟೋದಾದ್ರೆ ಸರಿಯಾಗಿ ಕಟ್ಟಿ ಅಂದರು. ನಿನ್ನೆಯಿಂದ ಯಾರೂ ನಿನ್ನ ವಿಷಯ ಎತ್ತಿರಲಿಲ್ಲ. ಮೇಡಂ ತಾವೇ ಮುರಿದ ಹ್ಯಾಂಗರಿನ ಕಡ್ಡಿ ಆಧಾರ ಕೊಟ್ಟು ನನ್ನ ಎರಡು ಬೆರಳನ್ನು ನೆಟ್ಟಗೆ ಕಟ್ಟಿದರು. ಮಡಚಿದೆ. ಬಾಗದ ಬೆರಳ ಮೇಲೆ ಅಂಚು ತಂತಿಯ ಮೇಲೆ ಒಣಹಾಕಿದ ಹಾಗೆ ಕೂರುತ್ತದೆ ಕಣೇ, ಜಾರುವುದಿಲ್ಲ. ಮೊದಮೊದಲು ನಿಧಾನ. ಗಂಟೆ ಹೊಡೆಯುವ ಹೊತ್ತಿಗೆ ಒಂದು ಗಾಡಿ ತುಂಬಿತು.

ನಿನ್ನ ಎದುರು ಮೂಲೆಯವಳು

ತಾ.ಕ.: ನಿನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ ಎಂಬಂತೆ ಬರೆದೆ. ಬಂದಿದ್ದಾಳೆ. ಹೋದ ವಾರದಿಂದ ನನ್ನೆದುರು ಮಡಚುತ್ತಿರುವವಳು ಅವಳೇ. ಕೈ ಚುರುಕು, ಮನೆಯಲ್ಲಿ ಇಬ್ಬರು ಮಕ್ಕಳು, ಸೋಮವಾರ ನೀನು ಬರದಿದ್ದರೆ ಮೇಜು ಅವಳಿಗೆ ಖಾಯಂ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬೆರಳು ಕಟ್ಟಿಕೊಂಡು ಮಡಚಿ ನೋಡುತ್ತಿದ್ದದ್ದು ಅವಳಂತೆ. ಹಿಂಗೂ ಮಡಚಬಹುದು ಅಂತ ನಿಮ್ಮ ಜೋಡಿಗೆ ಬರೀರಿ ಅಂತ ಹೇಳಿ, ಮೇಡಂ ಹತ್ತಿರ ತನಗೆ ಒಗೆಯುವ ಕಡೆ ಕೆಲಸ ಕೇಳಲು ಹೋದಳು.