ಮನೆಮಾತು ತುಳು ಎಂದು ಬರೆದವಳಿಗೆ ಸಾಹಿತ್ಯ ಏಕಿಲ್ಲ?

ಅಲ್ ಹೈಲ್, 12 ಸೆಪ್ಟೆಂಬರ್ 1994

ಶಾಲಾ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಂಗಿ ದಮಯಂತಿ ನಿಜ ಬರೆದಳು. ನೀವು ಅವಳಿಗೆ ಬಾಗಿಲು ಮುಚ್ಚಿದಿರಿ. ವಿಷಯ ಇಷ್ಟೇ. ಇದನ್ನು ಎಲ್ಲರೆದುರು ಬರೆಯುತ್ತಿರುವುದು, ನಿಮ್ಮ ಕಚೇರಿಗೆ ನಾನು ಕೊಟ್ಟ ಮನವಿ ಜವಾನನ ಮೇಜಿನಿಂದ ಆಚೆ ಹೋಗದ್ದರಿಂದ.

ಈ ಸೆಪ್ಟೆಂಬರಿನಿಂದ ನಿಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳನ್ನು, ಬ್ರಿಟಿಷ್ ಕ್ರಮದ ಸಿಕ್ಸ್ತ್ ಫಾರ್ಮನ್ನು, ಆರಂಭಿಸಿದ್ದೀರಿ. ಅದರಲ್ಲಿ ಇಂಗ್ಲಿಷ್ ಭಾಷೆಯನ್ನೂ ಸಾಹಿತ್ಯವನ್ನೂ ಒಂದೇ ವಿಷಯವಾಗಿ ಕಲಿಸುವಿರಂತೆ. ಸಂತೋಷ. ಪ್ರವೇಶ ಪರೀಕ್ಷೆಗೆ ಕೂತ ನಲವತ್ತೊಂದು ಮಕ್ಕಳಲ್ಲಿ ದಮಯಂತಿ ಮೂರನೆಯವಳು. ನಿಮ್ಮದೇ ಫಲಕದಲ್ಲಿ ಅಂಟಿಸಿದ್ದೀರಿ. ಅವಳಿಗಿಂತ ಕೆಳಗಿದ್ದ ಹದಿನೆಂಟು ಮಕ್ಕಳು ಒಳಗೆ, ಅವಳು ಹೊರಗೆ. ಕಾರಣ? ಅರ್ಜಿಯಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಅಂಕಣದೆದುರು ಅವಳು ‘ತುಳು, ಸ್ವಲ್ಪ ಕನ್ನಡ’ ಎಂದು ಬರೆದದ್ದು.

ಆ ಅಂಕಣವನ್ನು ಈ ಗಲ್ಫ್ ಊರಿನಲ್ಲಿ ಯಾರು ಹೇಗೆ ತುಂಬುತ್ತಾರೆಂಬುದು ನಮ್ಮ ಬೀದಿಯ ಪ್ರತಿ ಮನೆಗೂ ಗೊತ್ತು. ಪಕ್ಕದ ಫ್ಲಾಟಿನ ವಿಕ್ಟೋರಿಯಾ ಆಂಟಿ ಅರ್ಜಿ ನೋಡಿ ಹಣೆ ಚಚ್ಚಿಕೊಂಡಿದ್ದರು.

“ಎಂತ ಮಾರಾಯ್ತಿ, ಇಂಗ್ಲಿಷ್ ಅಂತ ಬರಿ! ನಮ್ಮ ಸ್ಟ್ಯಾನ್ಲಿಗೂ ಹಾಗೇ ಬರ್ದದ್ದು.”

“ಅವನಿಗೆ ನೀವು ಬೈಯುದೆಲ್ಲ ಕೊಂಕಣಿಯಲ್ಲೇ ಅಲ್ವಾ ಆಂಟಿ? ಗೋಡೆಯ ಈಚೆ ನಮಗೆ ಕೇಳ್ತದೆ.”

“ಬೈಯುದಕ್ಕೆ ಕೊಂಕಣಿ, ಫಾರ್ಮಿಗೆ ಇಂಗ್ಲಿಷ್. ಅಷ್ಟೂ ಗೊತ್ತಿಲ್ವಾ ನಿಂಗೆ?”

ದಮಯಂತಿಗೆ ಗೊತ್ತಿತ್ತು. ಆದರೂ ಬರೆಯಲಿಲ್ಲ. ಸಾಹಿತ್ಯ ಓದಲು ಹೊರಟವಳು ಮೊದಲು ಒಂದು ಸುಳ್ಳಿಗೆ ಸಹಿ ಹಾಕಬೇಕೆಂಬ ನಿಯಮ ಅವಳ ತಲೆಗೆ ಹೋಗಲಿಲ್ಲ.

ಮೊನ್ನೆ ಶನಿವಾರ ನೀವು ನಮ್ಮ ಅಪ್ಪ ಸಂಕಪ್ಪನವರನ್ನು ಕರೆಸಿದಿರಿ. ಟೈಲ್ಸ್ ಕಂಪನಿಯ ಸ್ಟೋರ್‌ಕೀಪರ್ ಅವರು. ಅರ್ಧ ದಿನದ ರಜೆ ಕೇಳಿ, ಮದುವೆ ಮನೆಗೆ ಹಾಕುವ ಶರಟು ಹಾಕಿಕೊಂಡು ಬಂದರು. ಜೊತೆಗೆ ನಾನಿದ್ದೆ. ಮಗಳ ಪ್ರವೇಶಕ್ಕೆ ಅಪ್ಪನ ಪರೀಕ್ಷೆ! ನೀವು ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಿದಿರಿ. ನಾನೂರು ಬಗೆಯ ಟೈಲ್ಸನ್ನು ಬೆರಳಿನಲ್ಲಿ ಸವರಿ ಗುರುತಿಸುವ ಮನುಷ್ಯ ಮೂರಕ್ಕೂ ‘ಎಸ್ ಸಾರ್’ ಎಂದರು. ಆಮೇಲೆ ನೀವು ಕನ್ನಡಕ್ಕೆ ಇಳಿದಿರಿ.

“ನೋಡಿ ಸಂಕಪ್ಪ, ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇಲ್ಲದ ಮಕ್ಕಳಿಗೆ ಸಾಹಿತ್ಯ ಭಾರ ಆಗ್ತದೆ. ನಮ್ಮಲ್ಲಿ ಆಫೀಸ್ ಇಂಗ್ಲಿಷ್ ಕೋರ್ಸ್ ಉಂಟು. ಟೈಪಿಂಗ್, ಲೆಟರ್ ಬರೆಯುದು ಎಲ್ಲ ಕಲಿಸ್ತೇವೆ.”

“ಅವಳಿಗೆ ಕತೆ ಪುಸ್ತಕ ಅಂದ್ರೆ ಪ್ರಾಣ ಸಾರ್.”

“ಹಾಗಾದ್ರೆ ಹೊಸ ಫಾರ್ಮ್ ತಕೊಂಡು ಹೋಗಿ. ಆ ಕಾಲಂ ಸರಿ ಮಾಡಿ ಬುಧವಾರದೊಳಗೆ ತನ್ನಿ, ನೋಡುವ.”

ಸರಿ ಮಾಡುವುದು! ಹಾಗಾದರೆ ಸ್ವಾಮೀ, ನಿಮ್ಮ ವಾತಾವರಣ ಪೆನ್ನಿನ ಒಂದು ಗೀರಿಗೆ ಬಂದುಬಿಡುತ್ತದೆಯೇ? ಅಪ್ಪ ನಾಲ್ಕು ದಿನದಲ್ಲಿ ಇಂಗ್ಲಿಷ್ ಕಲಿಯುತ್ತಾರೆಂದು ನಂಬಿದ್ದಿರೋ, ಅಥವಾ ನಿಮಗೆ ಬೇಕಾದದ್ದು ಅವರ ಮಗಳು ತಲೆ ತಗ್ಗಿಸುವುದೋ? ನಮ್ಮ ಊರಿನವರೆಲ್ಲ ಸೇರಿದ ಕಳೆದ ಪಿಕ್ನಿಕ್ಕಿನಲ್ಲಿ, ಬರ್ಕಾದ ತೋಟದಲ್ಲಿ, ಹಗ್ಗಜಗ್ಗಾಟಕ್ಕೆ ಅರ್ಧ ಗಂಟೆ ಮೈಕಿನಲ್ಲಿ ತುಳು ಆಡಿದವರು ನೀವೇ. ಜನ ನಕ್ಕು ನಕ್ಕು ಹಗ್ಗ ಬಿಟ್ಟರು. ಅಷ್ಟು ಸೊಗಸಾದ ತುಳು ಬಾಯಲ್ಲಿದ್ದೂ ನೀವು ಇಂಗ್ಲಿಷ್ ಕಲಿತು ಈ ಕುರ್ಚಿಗೆ ಬಂದಿರಿ. ದಮಯಂತಿಗೆ ಮಾತ್ರ ಅದು ರೋಗವೇ?

ನಾನು ಕಾಲೇಜು ಕಂಡವನಲ್ಲ. ಬರ್ಕಾದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಊರಿನಿಂದ ಬರುವವರು ತಂದುಕೊಡುವ ಕಿರುಹೊತ್ತಗೆಗಳನ್ನು ಓದಿ ಒಂದಿಷ್ಟು ತಿಳಿದಿದ್ದೇನೆ. ಕೆಲವರಿಗೆ ಆಜ್ಞೆ ಬರೆಯುವ ಭಾಷೆ, ಉಳಿದವರಿಗೆ ಅದನ್ನು ಟೈಪ್ ಮಾಡುವ ಭಾಷೆ ಎಂದು ಹಂಚಿದಲ್ಲೇ ಅನ್ಯಾಯ ಶುರುವಾಗುತ್ತದೆ. ನೀವು ಮಾಡಿರುವುದು ಅದನ್ನೇ. ವಾತಾವರಣ ಇದ್ದವರಿಗೆ ಕವಿತೆ, ನಮ್ಮಂಥವರಿಗೆ ‘ಡಿಯರ್ ಸರ್’. ಭಾಷೆ ಮತ್ತು ಸಾಹಿತ್ಯವನ್ನು ಒಟ್ಟಿಗೆ ಏಕೆ ಓದಬೇಕೆಂಬುದನ್ನು ನೀವು ಮೊದಲು ಕಳಿಸಿದ ನಿರಾಕರಣೆಯ ಪತ್ರವೇ ನನಗೆ ಕಲಿಸಿತು. ದಮಯಂತಿ ಅದನ್ನು ಕತೆ ಓದುವ ಹಾಗೆ ಎರಡು ಸಲ ಓದಿದಳು. “ಅಣ್ಣಾ, ಇದ್ರಲ್ಲಿ ಮನುಷ್ಯರೇ ಇಲ್ಲ. ತೀರ್ಮಾನ ಆಗಿದೆ ಅಂತೆ, ವಿಷಾದ ಆಗಿದೆ ಅಂತೆ. ಯಾರಿಗೆ?” ಎಂದಳು. ಕಾಗದದ ಹಿಂದೆ ಅಡಗಿದವರನ್ನು ಹುಡುಕುವ ಈ ಕಣ್ಣನ್ನೇ ಅಲ್ಲವೇ ಆ ವಿಷಯ ಕಲಿಸಬೇಕಾದದ್ದು? ಅವಳಿಗದು ನಿಮ್ಮ ತರಗತಿಗೆ ಬರುವ ಮೊದಲೇ ಬಂದಿದೆ. ಭಾರವಾಗಿರುವುದು ಅವಳಿಗೆ ಸಾಹಿತ್ಯವೋ, ನಿಮಗೆ ಅವಳೋ?

ಅಪ್ಪ ಹೆದರಿದ್ದಾರೆ. “ಜೋರು ಮಾಡ್ಬೇಡ ಭೋಜ, ಕಫೀಲ್‌ನ ಕಿವಿಗೆ ಬಿದ್ರೆ ಎಲ್ಲ ಖಲಾಸ್” ಎನ್ನುತ್ತಾರೆ; ನಮ್ಮ ವೀಸಾ ಇರುವುದು ಆ ಅರಬ್ ಧಣಿಯ ಕೈಯಲ್ಲಿ. ಟೈಪಿಂಗೇ ಕಲಿಯುವುದಾದರೆ ಕಾರ್ಕಳದ ಅತ್ತೆಯ ಮನೆಯಲ್ಲಿದ್ದು ಕಲಿಯಲಿ ಎಂದು ಗುರುವಾರದ ಬೊಂಬಾಯಿ ವಿಮಾನಕ್ಕೆ ಟಿಕೆಟ್ ಮಾಡಿಸಿದ್ದಾರೆ. ಊರಿನ ಕಾಲೇಜುಗಳ ಪ್ರವೇಶ ಜೂನ್‌ನಲ್ಲೇ ಮುಗಿದಿದೆ. ನೀವು ಕೊಟ್ಟ ಹೊಸ ಫಾರ್ಮು ಫ್ರಿಜ್ಜಿನ ಮೇಲೆ ಖಾಲಿಯಾಗಿಯೇ ಬಿದ್ದಿದೆ. ದಮಯಂತಿ ಅದನ್ನು ಮುಟ್ಟುತ್ತಿಲ್ಲ. ಬಟ್ಟೆ ಮಡಚುತ್ತಿದ್ದಾಳೆ.

ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಅವಳ ಮೊದಲ ಅರ್ಜಿಯನ್ನು, ಅದರಲ್ಲಿರುವ ತುಳುವಿನ ಸಮೇತ, ಬುಧವಾರ ಶಾಲೆ ಬಿಡುವ ಮೊದಲು ಒಪ್ಪಿಕೊಳ್ಳಿ. ಮುಂದಿನ ವರ್ಷದ ಅರ್ಜಿಯಿಂದ ಆ ಅಂಕಣವನ್ನು ತೆಗೆದುಹಾಕಿ. ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಿರಿ, ಎಷ್ಟು ಕಠಿಣವಾಗಿ ಬೇಕಾದರೂ ಬರೆಯಿರಿ. ಅದನ್ನು ಓದಿ ನಮಗೆಲ್ಲ ಅರ್ಥ ಹೇಳುವವಳು ಬುಧವಾರದವರೆಗೆ ಮನೆಯಲ್ಲೇ ಇರುತ್ತಾಳೆ.

ಇಂತಿ,
ನಿಮ್ಮ ಕಡತಕ್ಕೆ ಇನ್ನೊಂದು ಕಾಗದ ಹೆಚ್ಚಿಸಿದ್ದಕ್ಕೆ ವಿಷಾದಿಸುವ,
ದಮಯಂತಿಯ ಅಣ್ಣ ಭೋಜರಾಜ